ಹಲಸಿನ ಬೀಜ ಮತ್ತು ಒಂದು ಪದ್ಯ

ಪದ್ಯ ಪಾಠ ಮಾಡುವವರಿಗೆ ಒಂದು ರೋಗವಿರುತ್ತದೆ. ಯಾವ ಪದ್ಯ ಕಣ್ಣಿಗೆ ಬಿದ್ದರೂ ಇದರ ಸಾರಾಂಶವೇನು, ಎರಡು ಅಂಕದ ಪ್ರಶ್ನೆ ಯಾವುದು, ನಾಲ್ಕು ಅಂಕದ ಪ್ರಶ್ನೆ ಯಾವುದು ಎಂದು ಮನಸ್ಸು ತಾನಾಗಿಯೇ ಹೋಳು ಮಾಡತೊಡಗುತ್ತದೆ. ಸಂತೆಯಲ್ಲಿ ಕುಂಬಳಕಾಯಿ ಕಂಡ ಗೃಹಿಣಿ ಇಷ್ಟು ಹುಳಿಗೆ, ಇಷ್ಟು ಪಲ್ಯಕ್ಕೆ, ಉಳಿದದ್ದು ಸಂಡಿಗೆಗೆ ಎಂದು ಅಲ್ಲೇ ನಿಂತು ಲೆಕ್ಕ ಹಾಕುವುದಿಲ್ಲವೇ, ಹಾಗೆ. ಮೂವತ್ತು ವರ್ಷದಿಂದ ಪ್ರೌಢಶಾಲೆಯಲ್ಲಿ ಕನ್ನಡ, ಇಂಗ್ಲಿಷು ಎರಡನ್ನೂ ಹೇಳಿಕೊಟ್ಟಿರುವ ನನಗೆ ಈ ರೋಗ ಚೆನ್ನಾಗಿಯೇ ಅಂಟಿದೆ.

ಅದರಲ್ಲೂ ಗಿಡಮರಗಳ ಮೇಲಿನ ಪದ್ಯವೆಂದರೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಮರ ನೆರಳು ಕೊಡುತ್ತದೆ, ಹಣ್ಣು ಕೊಡುತ್ತದೆ, ಮಳೆ ತರುತ್ತದೆ, ಆದ್ದರಿಂದ ಎಲ್ಲರೂ ಮರ ಬೆಳೆಸೋಣ ಎಂಬಲ್ಲಿಗೆ ಬಹಳಷ್ಟು ಪದ್ಯಗಳು ಮುಗಿದುಹೋಗುತ್ತವೆ. ಮಕ್ಕಳೂ ಜಾಣರು. ಪದ್ಯ ಓದದೆಯೇ ಸಾರಾಂಶ ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಾರೆ. ಜೂನ್ 5ರ ಪರಿಸರ ದಿನದ ಭಾಷಣಕ್ಕೂ ಅದೇ ನಾಲ್ಕು ವಾಕ್ಯ ಸಾಕಾಗುತ್ತದೆ. ಇಂಥ ನನಗೆ ಮರ ನೆಡುವುದರ ಮೇಲಿನ ಒಂದು ಪದ್ಯ ಹಿಡಿಸಿತು ಎಂದರೆ ಅದಕ್ಕೆ ಕಾರಣ ಹೇಳಬೇಕಾಗುತ್ತದೆ.

ಆ ಪದ್ಯ ನಮ್ಮ ಮನೆಗೆ ಬಂದದ್ದು ನನ್ನ ತಮ್ಮನ ಮಗಳ ಚೀಲದಲ್ಲಿ. ತೀರ್ಥಹಳ್ಳಿಯ ಕಡೆಯ ಹಳ್ಳಿಯಿಂದ ಬಂದು ಶಿವಮೊಗ್ಗದಲ್ಲಿ ನಮ್ಮ ಮನೆಯಲ್ಲಿದ್ದುಕೊಂಡು ಅವಳು ಓದುತ್ತಿದ್ದಳು. ಕೆಲವು ವರ್ಷಗಳ ಹಿಂದೆ ಐಸಿಎಸ್‌ಇ ಹತ್ತನೆಯ ತರಗತಿಯವರಿಗೆ ಹೆನ್ರಿ ಕಯ್ಲರ್ ಬನ್ನರ್ ಎಂಬ ಅಮೆರಿಕದ ಕವಿಯ 'ದಿ ಹಾರ್ಟ್ ಆಫ್ ದಿ ಟ್ರೀ' ಪಠ್ಯವಾಗಿತ್ತು. ಮರದ ಹೃದಯ ಎನ್ನೋಣ. ಒಂದು ಸಂಜೆ ನಾನು ಅವರೆಕಾಳು ಹಿಚುಕುತ್ತ ಕುಳಿತಿದ್ದಾಗ ಅವಳು ಪುಸ್ತಕ ಮುಂದೆ ಹಿಡಿದು, "ಅತ್ತೆ, ಇದನ್ನ ಒಂಚೂರು ಹೇಳಿಕೊಡಿ" ಎಂದಳು. ಒಂಬತ್ತೊಂಬತ್ತು ಸಾಲಿನ ಮೂರೇ ಪದ್ಯ. ಹತ್ತು ನಿಮಿಷದ ಕೆಲಸ ಎಂದುಕೊಂಡೆ. ಅವರೆಕಾಳು ಆ ರಾತ್ರಿ ಸಾರಿಗೆ ಬೀಳಲಿಲ್ಲ.

ಮೊದಲು ಕವಿಯ ಮಾತು. ಬನ್ನರ್ ಹುಟ್ಟಿದ್ದು 1855ರಲ್ಲಿ, ತೀರಿಕೊಂಡದ್ದು 1896ರಲ್ಲಿ, ನಲವತ್ತೊಂದು ತುಂಬುವ ಮುನ್ನವೇ. ನ್ಯೂಯಾರ್ಕಿನ 'ಪಕ್' ಎಂಬ ಹಾಸ್ಯ ವಾರಪತ್ರಿಕೆಯ ಸಂಪಾದಕನಾಗಿದ್ದವನು. ವಾರವಾರವೂ ಜನರನ್ನು ನಗಿಸುವುದು ಅವನ ಉದ್ಯೋಗ. ಅಂಥವನು ಈ ಪದ್ಯಕ್ಕೆ ಆರ್ಬರ್ ಡೇ ಹಾಡು ಎಂದು ಉಪಶೀರ್ಷಿಕೆ ಕೊಟ್ಟಿದ್ದಾನೆ. ಆರ್ಬರ್ ಡೇ ಎಂದರೆ ಅಲ್ಲಿಯವರ ಮರ ನೆಡುವ ಹಬ್ಬ.

ಆ ಹಬ್ಬದ ಕಥೆ ಗೊತ್ತಾದರೆ ಪದ್ಯ ಇನ್ನೂ ಚೆನ್ನಾಗಿ ಒಳಗಿಳಿಯುತ್ತದೆ. ಅಮೆರಿಕದ ನಡುಭಾಗದ ನೆಬ್ರಾಸ್ಕ ಮರಗಳಿಲ್ಲದ ಹುಲ್ಲುಬಯಲಿನ ಸೀಮೆ. ಪೂರ್ವದಿಂದ ಅಲ್ಲಿಗೆ ಹೋಗಿ ನೆಲೆಸಿದ ಜನರಿಗೆ ಗಾಳಿಗೆ ತಡೆಯಿಲ್ಲ, ಒಲೆಗೆ ಸೌದೆಯಿಲ್ಲ, ಮನೆ ಕಟ್ಟಲು ತೊಲೆಯಿಲ್ಲ, ಬಿಸಿಲಿಗೆ ನೆರಳಿಲ್ಲ. ಜೆ. ಸ್ಟರ್ಲಿಂಗ್ ಮಾರ್ಟನ್ ಎಂಬ ಪತ್ರಕರ್ತ ಅಲ್ಲಿ ಮರ ನೆಡಲು ಒಂದು ದಿನ ಗೊತ್ತುಮಾಡಬೇಕೆಂದು ಸೂಚಿಸಿದ. 1872ರ ಏಪ್ರಿಲ್ 10ರಂದು ಮೊದಲ ಆರ್ಬರ್ ಡೇ ನಡೆಯಿತು. ಆ ಒಂದೇ ದಿನ ಸುಮಾರು ಹತ್ತು ಲಕ್ಷ ಗಿಡ ನೆಟ್ಟರೆಂದು ಅಂದಾಜು. 1885ರಲ್ಲಿ ನೆಬ್ರಾಸ್ಕದವರು ಮಾರ್ಟನ್ನನ ಹುಟ್ಟಿದ ದಿನವಾದ ಏಪ್ರಿಲ್ 22ನ್ನೇ ಆ ಹಬ್ಬಕ್ಕೆ ರಜೆಯ ದಿನವಾಗಿ ಮಾಡಿದರು. ಅದೇ ಕಾಲಕ್ಕೆ ಬೇರೆ ರಾಜ್ಯಗಳ ಶಾಲೆಗಳಿಗೂ ಅದು ಹಬ್ಬಿತು. ಇತ್ತ ಕಾಡಿದ್ದ ಸೀಮೆಗಳಲ್ಲಿ ಮರ ಕಡಿಯುವುದು ಭರದಿಂದ ಸಾಗಿತ್ತು. ಕಾಡನ್ನು ಕಾದಿರಿಸುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಡುವ ಕಾನೂನು ಬಂದದ್ದು 1891ರಲ್ಲಿ. ಒಂದು ಕಡೆ ಕಡಿಯುವ ಸದ್ದು, ಇನ್ನೊಂದು ಕಡೆ ಶಾಲೆಯ ಮಕ್ಕಳು ಸಾಲಾಗಿ ನಿಂತು ಗಿಡ ನೆಡುವುದು. ಆ ಸಾಲಿನಲ್ಲಿ ನಿಂತವರಿಗಾಗಿ ಹುಟ್ಟಿದ ಹಾಡು ಇದು.

ನಮ್ಮಲ್ಲಿಯೂ 1950ರಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಶಿಯವರು ವನಮಹೋತ್ಸವ ಆರಂಭಿಸಿದರು. ಜುಲೈ ತಿಂಗಳ ಮೊದಲ ವಾರ ಅದು ನಡೆಯುತ್ತದೆ. ಹಾಗಾಗಿ ಆ ಅಮೆರಿಕದ ಮಕ್ಕಳ ಸಾಲು ನನಗೇನೂ ಅಪರಿಚಿತವಲ್ಲ. ಮಳೆಯಲ್ಲಿ ನೆನೆದುಕೊಂಡು, ಕೈಯಲ್ಲಿ ಪ್ಲಾಸ್ಟಿಕ್ ಚೀಲದ ಸಸಿ ಹಿಡಿದು, ಅತಿಥಿಗಳು ಬರುವವರೆಗೆ ಕಾಯುವ ಸಾಲನ್ನು ಎಷ್ಟೋ ವರ್ಷ ನಾನೇ ನಿಲ್ಲಿಸಿದ್ದೇನೆ.

ಇನ್ನು ಪದ್ಯ. ಅದರ ಮೂರು ಭಾಗಗಳೂ ಒಂದೇ ಪ್ರಶ್ನೆಯಿಂದ ಏಳುತ್ತವೆ. ಮರ ನೆಡುವ ಮನುಷ್ಯ ನಿಜವಾಗಿ ಏನನ್ನು ನೆಡುತ್ತಿದ್ದಾನೆ ಎಂಬುದು ಆ ಪ್ರಶ್ನೆ. ಒಂದೇ ಪ್ರಶ್ನೆಗೆ ಮೂರು ಬಾರಿ ಉತ್ತರ. ಪ್ರತಿ ಸಲವೂ ಉತ್ತರ ಹಿಂದಿನದಕ್ಕಿಂತ ಹಿಗ್ಗುತ್ತದೆ. ನೀರಿಗೆ ಕಲ್ಲು ಹಾಕಿದಾಗ ಅಲೆಯ ಬಳೆ ದೊಡ್ಡದಾಗುತ್ತ ಹೋಗುವುದಿಲ್ಲವೇ, ಹಾಗೆ.

ಮೊದಲ ಉತ್ತರ ಮೇಲಕ್ಕೆ ನೋಡುತ್ತದೆ. ಮರವು ಬಿಸಿಲಿಗೂ ಆಕಾಶಕ್ಕೂ ಗೆಳೆಯ, ಗಾಳಿ ಹಾರಿಸುವ ಬಾವುಟ, ಎತ್ತರಕ್ಕೆ ನಿಂತ ಚೆಲುವು. ಇಲ್ಲಿಯವರೆಗೆ ಯಾವ ಕವಿಯೂ ಹೇಳಬಹುದಾದದ್ದೇ. ಆದರೆ ಆ ಭಾಗದ ಕೊನೆಗೆ ಕವಿ ಇದ್ದಕ್ಕಿದ್ದಂತೆ ದನಿ ತಗ್ಗಿಸುತ್ತಾನೆ. ಸಂಜೆ ಮಸುಕಾಗುವ ಹೊತ್ತಿಗೆ ಗೂಡಿನಲ್ಲಿ ತಾಯಿಹಕ್ಕಿ ಮರಿಗಳನ್ನು ಸಂತೈಸುವ ಸಣ್ಣ ದನಿಯನ್ನು ಕೇಳಿಸುತ್ತಾನೆ. ಬಾವುಟದಿಂದ ಜೋಗುಳಕ್ಕೆ ಇಳಿಯುವ ಈ ಒಂದು ಹೆಜ್ಜೆಗೇ ನಾನು ಅವರೆಕಾಳಿನ ತಟ್ಟೆ ಪಕ್ಕಕ್ಕಿಟ್ಟದ್ದು. ಮರ ಎಷ್ಟೇ ಎತ್ತರವಿರಲಿ, ಅದು ಕೊನೆಗೆ ಯಾರದೋ ಬಾಣಂತಿಕೋಣೆ ಎಂದು ಹೇಳಿದಂತಾಯಿತು.

ಎರಡನೆಯ ಉತ್ತರ ಮುಂದಕ್ಕೆ ನೋಡುತ್ತದೆ. ನೆರಳು, ಮಳೆ, ಮುಂದಿನ ದಿನಗಳ ಮೊಗ್ಗು, ಎಲೆ ಉದುರಿ ಮತ್ತೆ ಕೆಂಪಗೆ ಚಿಗುರುವ ವರ್ಷಗಳು. ಇದನ್ನು ಹುಡುಗಿಗೆ ಹೇಳಿಕೊಡಲು ನನಗೆ ಅಮೆರಿಕಕ್ಕೆ ಹೋಗಬೇಕಾಗಲಿಲ್ಲ. ಯುಗಾದಿಯ ಹೊತ್ತಿಗೆ ನಮ್ಮ ರಸ್ತೆಯ ಹೊಂಗೆಮರ ಬೋಳಾದ ಕೆಲವೇ ದಿನದಲ್ಲಿ ಎಣ್ಣೆ ಹಚ್ಚಿದಂಥ ಎಳೆ ಎಲೆ ತಳೆದು ನಿಲ್ಲುವುದನ್ನು ತೋರಿಸಿದರೆ ಸಾಕಾಗಿತ್ತು. ಆದರೆ ಈ ಭಾಗದ ತಿರುಳು ಅದಲ್ಲ. ಇನ್ನೂ ಹುಟ್ಟಿಯೇ ಇಲ್ಲದ ಕಣ್ಣುಗಳು ನೋಡಿ ಸುಖಪಡಲಿರುವ ಒಂದು ಸಂತೋಷವನ್ನು ಇವತ್ತು ನೆಡಲಾಗುತ್ತಿದೆ ಎನ್ನುತ್ತಾನೆ ಕವಿ. ನೆಟ್ಟವನು ಅದನ್ನು ನೋಡುವುದಿಲ್ಲ. ಅದು ಅವನಿಗೆ ಗೊತ್ತು. ಗೊತ್ತಿದ್ದೂ ನೆಡುತ್ತಾನೆ.

ಮೂರನೆಯ ಉತ್ತರ ಸುತ್ತಲೂ ನೋಡುತ್ತದೆ. ರಸ, ಎಲೆ, ಕಟ್ಟಿಗೆ ಎಂದು ಮರದ ಮೈಯಿಂದ ಆರಂಭವಾಗಿ, ಮನೆಯ ಮೇಲಿನ ಪ್ರೀತಿ, ಊರಿನ ಹಿತ, ನೆರೆಹೊರೆಗೆ ಒಳಿತು ಎಂದು ಬೆಳೆದು, ಇಡೀ ನಾಡಿನ ಬೆಳವಣಿಗೆಯವರೆಗೆ ಹೋಗಿ ಮುಟ್ಟುತ್ತದೆ. ಅಷ್ಟು ದೊಡ್ಡದನ್ನು ಕವಿ ಎಲ್ಲಿ ಇಟ್ಟಿದ್ದಾನೆ ಎಂದರೆ ನೆಡುವವನ ಅಂಗೈಯ ಗುಳಿಯಲ್ಲಿ! ಹುಡುಗಿಗೆ ಈ ಗುಳಿ ಎಂಬುದು ಅರ್ಥವಾಗಲಿಲ್ಲ. "ದೇವಸ್ಥಾನದಲ್ಲಿ ತೀರ್ಥ ತಗೊಳ್ಳುವಾಗ ಕೈ ಹೇಗೆ ಹಿಡೀತೀಯ ತೋರಿಸು" ಎಂದೆ. ಬಲಗೈ ಮುಂದೆ ಚಾಚಿದಳು. ಮೂರು ಹನಿ ನೀರು ನಿಲ್ಲುವಷ್ಟು ತಗ್ಗು. "ಅಲ್ಲಿ ಒಂದು ಬೀಜ ಇದೆ ಅಂದುಕೋ" ಎಂದೆ. ಅವಳು ಕೈಯನ್ನೇ ನೋಡಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಇದೇ ಪ್ರಶ್ನೆಯನ್ನು ಕೇಳುವ ಇನ್ನೊಂದು ಪದ್ಯವೂ ಇದೆ. ಬರೆದವನು ಅದೇ ಕಾಲದ, ಅದೇ ನ್ಯೂಯಾರ್ಕ್ ರಾಜ್ಯದ ಹೆನ್ರಿ ಆಬಿ (1842–1911). ನಾನು ವಿದ್ಯಾರ್ಥಿನಿಯಾಗಿದ್ದಾಗ ಅದನ್ನು ಒಂದು ಹಳೆಯ ಇಂಗ್ಲಿಷ್ ವಾಚಕದಲ್ಲಿ ಓದಿದ್ದೆ. ಅವನ ಉತ್ತರ ಬಡಗಿಯ ಉತ್ತರ. ಹಡಗು, ಅದರ ಕಂಬ, ಹಲಗೆ. ಮನೆ, ಅದರ ತೊಲೆ, ಬಾಗಿಲು, ನೆಲದ ಹಾಸು ಎಂದು ಮರದಿಂದ ಆಗುವ ಸಾಮಾನುಗಳನ್ನೆಲ್ಲ ಎಣಿಸುತ್ತ ಹೋಗುತ್ತಾನೆ. ಕೊನೆಗೆ, ಬಿಸಿಲಿಗೆ ನೆರಳೂ ಉಂಟಲ್ಲ ಎಂದು ಮುಗಿಸುತ್ತಾನೆ. ಚೊಕ್ಕವಾದ ಪದ್ಯವೇ. ಆದರೆ ಅವನ ಪಟ್ಟಿಯಲ್ಲಿರುವ ಬಹುಪಾಲು ಸಿಗಬೇಕಾದರೆ ಮರ ಉರುಳಬೇಕು. ಬನ್ನರನ ಪಟ್ಟಿಯಲ್ಲಿರುವ ಬಹುಪಾಲು ಸಿಗಬೇಕಾದರೆ ಮರ ನಿಂತಿರಬೇಕು. ಹಾಗೆಂದು ಬನ್ನರ್ ಕಟ್ಟಿಗೆಯನ್ನು ಮರೆತಿಲ್ಲ. ರಸದ ಜೊತೆ, ಎಲೆಯ ಜೊತೆ ಅದಕ್ಕೂ ಒಂದು ಜಾಗ ಕೊಟ್ಟಿದ್ದಾನೆ. ಮರ ಕಡಿಯಲೇಬಾರದು ಎಂದು ಉಪದೇಶ ಮಾಡದ ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ಈ ಎರಡು ಪದ್ಯಗಳ ನಡುವೆ ನಾನೇ ಒಂದು ದಿನ ನಿಲ್ಲಬೇಕಾಗುತ್ತದೆ ಎಂದು ಆಗ ಎಣಿಸಿರಲಿಲ್ಲ.

ಪುಸ್ತಕ ಮುಚ್ಚುವ ಮುಂಚೆ ಹುಡುಗಿ ಒಂದು ಪ್ರಶ್ನೆ ಕೇಳಿದಳು: "ಅತ್ತೆ, ಎಲ್ಲ ಕಡೆಗೂ ನೆಡುವವನು ಅಂತಾನೇ ಇದೆಯಲ್ಲ, ಹೆಂಗಸರು ನೆಡೋದೇ ಇಲ್ವಾ?"

ಆ ಕಾಲದ ಇಂಗ್ಲಿಷಿನಲ್ಲಿ 'ಹೀ' ಎಂದರೆ ಇಬ್ಬರೂ ಸೇರಿದಂತೆ ಎಂದು ವ್ಯಾಕರಣದ ಉತ್ತರ ಕೊಟ್ಟೆ. ಆದರೆ ಉತ್ತರ ಕೊಡುವಾಗ ನನ್ನ ಕಣ್ಣಮುಂದೆ ಬಂದದ್ದು ನನ್ನ ಅಮ್ಮ, ಅಂದರೆ ಆ ಹುಡುಗಿಯ ಅಜ್ಜಿ.

ಅಮ್ಮ ಮದುವೆಯಾಗಿ ಬಂದ ಮೊದಲ ಮಳೆಗಾಲದಲ್ಲಿ ತನ್ನ ತವರಿನ ಹಲಸಿನ ಮರದ ನಾಲ್ಕು ಬೇಳೆಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಬಂದಿದ್ದಳಂತೆ. ಅದು ಹೆಸರಾದ ಬಕ್ಕೆ ಹಲಸು. ಗಟ್ಟಿ ತೊಳೆ, ಜೇನಿನ ಸಿಹಿ. ಹಿತ್ತಲಲ್ಲಿ ನಾಲ್ಕನ್ನೂ ಊರಿದಳು. ಅಜ್ಜಿ, "ಬೇಳೆ ಹಾಕಿದ ಮಾತ್ರಕ್ಕೆ ಬಕ್ಕೆಯೇ ಬರುತ್ತೆ ಅಂತ ಏನು ಖಾತ್ರಿ?" ಎಂದಿದ್ದರಂತೆ. ಆ ಮಾತು ನಿಜವೇ. ಬೀಜದಿಂದ ಎದ್ದ ಹಲಸು ಬಕ್ಕೆಯೋ ಅಂಬಲಿಯೋ ಎಂದು ಮರ ಕಾಯಿ ಬಿಟ್ಟು, ಹಣ್ಣು ಕೊಯ್ದು ನೋಡುವವರೆಗೆ ತಿಳಿಯುವುದಿಲ್ಲ. ನಾಲ್ಕರಲ್ಲಿ ಎರಡು ಮೊಳೆತವು. ಒಂದನ್ನು ದನ ಮೇಯಿತು. ಉಳಿದ ಒಂದಕ್ಕೆ ಅಮ್ಮ ಮುಳ್ಳು ಕಟ್ಟಿದಳು. ನಮ್ಮ ಮಲೆನಾಡಿನಲ್ಲಿ ಮಳೆಗಾಲಕ್ಕೇನೂ ಕೊರತೆಯಿಲ್ಲ, ಕಷ್ಟವೆಲ್ಲ ಶಿವರಾತ್ರಿಯಿಂದ ಮುಂದಿನ ಬೇಸಿಗೆಯದು. ಅಕ್ಕಚ್ಚಿನಲ್ಲಿ ದನದ ಪಾಲು ಹೋಗಿ ಉಳಿದದ್ದು, ಪಾತ್ರೆ ತೊಳೆದ ನೀರು, ನಮ್ಮನ್ನು ಮೀಯಿಸಿದ ನೀರು ಎಲ್ಲ ಆ ಬುಡಕ್ಕೆ. ಎಂಟನೆಯ ವರ್ಷ ಮರ ಕಾಯಿ ಬಿಟ್ಟಿತು. ಹಣ್ಣು ಕೊಯ್ದರೆ ಅಂಬಲಿ! ಕೈಗೆ ತೆಗೆದುಕೊಂಡರೆ ಜಾರಿಹೋಗುವಂಥ ಮೆತ್ತನೆಯ ತೊಳೆ. ಅಜ್ಜಿ ನಕ್ಕರಂತೆ. ಅಮ್ಮ ಒಂದು ಮಾತೂ ಆಡದೆ ಅಕ್ಕಿ ತರಿ ಮಾಡಿ, ಬೆಲ್ಲ ಕಾಯಿತುರಿ ಸೇರಿಸಿ, ಬಾಳೆಲೆಯಲ್ಲಿ ಕಡುಬು ಬೇಯಿಸಿ ಬಡಿಸಿದಳು. ಕಡುಬಿಗೆ ಅಂಬಲಿಯಷ್ಟು ಒಳ್ಳೆಯದು ಬೇರೆ ಇಲ್ಲ. ಮುಂದೆ ನಲವತ್ತು ವರ್ಷಕ್ಕೂ ಮೇಲೆ ನಮ್ಮ ಮನೆಯ ಕಡುಬು, ಹಪ್ಪಳ, ಬೇಳೆ ಸಾರು ಎಲ್ಲ ಆ ಮರದ್ದೇ.

ಬನ್ನರನ ಪದ್ಯದಲ್ಲಿ ಇದೊಂದು ಇಲ್ಲ ನೋಡಿ. ಏನು ನೆಡುತ್ತೇವೆ ಎಂದು ಅವನು ಇಷ್ಟು ಚೆನ್ನಾಗಿ ಹೇಳಿದ. ಆದರೆ ನೀರು ಹಾಕಿದವರು ಯಾರು ಎಂದು ಕೇಳಲಿಲ್ಲ. ನೆಡುವುದು ಒಂದು ಗಳಿಗೆಯ ಕೆಲಸ, ಸಾಕುವುದು ಮೂರು ಬೇಸಿಗೆಯ ಕೆಲಸ. ಕನ್ನಡದಲ್ಲಿ ಗಿಡವನ್ನೂ ಸಾಕುತ್ತೇವೆ, ಮಗುವನ್ನೂ ಸಾಕುತ್ತೇವೆ. ವನಮಹೋತ್ಸವದ ದಿನ ನೆಟ್ಟ ಗುಂಡಿಯಲ್ಲೇ ಮರುವರ್ಷವೂ ನೆಡುವ ಪರಿಪಾಠ ಎಷ್ಟು ಊರುಗಳಲ್ಲಿಲ್ಲ? ಫೋಟೋದಲ್ಲಿ ನಿಂತವರು ಹೋದಮೇಲೆ ಜನವರಿಯಿಂದ ಕೊಡ ಹೊರುವವರು ಬೇಕಲ್ಲ.

ಕೊಡ ಹೊರುವುದೆಂದರೆ ನಮಗೆಲ್ಲ ನೆನಪಾಗುವುದು ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕ. ಮಕ್ಕಳಿಲ್ಲದ ತಿಮ್ಮಕ್ಕನೂ ಗಂಡ ಚಿಕ್ಕಯ್ಯನವರೂ ಹುಲಿಕಲ್–ಕುದೂರು ರಸ್ತೆಯ ಬದಿಗೆ ಆಲದ ಸಸಿಗಳನ್ನು ನೆಟ್ಟು, ದೂರದಿಂದ ಕೊಡದಲ್ಲಿ ನೀರು ಹೊತ್ತು, ದನಕರು ತಿನ್ನದಂತೆ ಮುಳ್ಳು ಕಟ್ಟಿ ನೂರಾರು ಮರ ಮಾಡಿದರು. ಚಿಕ್ಕಯ್ಯನವರು 1991ರಲ್ಲಿ ತೀರಿಕೊಂಡರು. ತಿಮ್ಮಕ್ಕನಿಗೆ 2019ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ರಸ್ತೆ ಅಗಲ ಮಾಡುವ ಕೆಲಸಕ್ಕೆ ಆ ಮರಗಳು ಹೋಗುವ ಭಯ ಬಂದಾಗ ಆಕೆ ಮುಖ್ಯಮಂತ್ರಿಯನ್ನೇ ಕಂಡು ಉಳಿಸಿಕೊಡಿ ಎಂದು ಕೇಳಿದರು. 2025ರ ನವೆಂಬರಿನಲ್ಲಿ ಆಕೆ ತೀರಿಕೊಂಡ ಸುದ್ದಿ ಕೇಳಿದ ದಿನ ನಮ್ಮ ಶಾಲೆಯಲ್ಲಿ ಒಂದು ನಿಮಿಷ ಮೌನವಾಗಿ ನಿಂತೆವು. ಶಾಲೆಗೆ ಹೋಗದ ಆ ತಾಯಿ ಬನ್ನರನ ಪದ್ಯ ಓದಿರಲಿಲ್ಲ. ಆದರೆ ಪದ್ಯ ಬಿಟ್ಟದ್ದನ್ನು ಪೂರ್ತಿ ಮಾಡಿದ್ದರು. ಇನ್ನೊಂದು ವಿಷಯವನ್ನೂ ಗಮನಿಸಿ. ಆ ಮರಗಳು ನಿಂತದ್ದು ರಸ್ತೆಯ ಬದಿಯಲ್ಲಿ, ಸರ್ಕಾರದ ನೆಲದಲ್ಲಿ. ಒಂದು ಅಡಿಯೂ ಆಕೆಯ ಹೆಸರಿನಲ್ಲಿರಲಿಲ್ಲ.

ಹೆಂಗಸರು ನೆಡುವುದು ಹೆಚ್ಚಾಗಿ ಹೀಗೆಯೇ. ತವರಿನಲ್ಲಿ ನೆಟ್ಟದ್ದನ್ನು ಬಿಟ್ಟು ಬರುತ್ತೇವೆ. ಅತ್ತೆಮನೆಯಲ್ಲಿ ನೆಟ್ಟದ್ದು ಗಂಡಸರ ಖಾತೆಯ ನೆಲದಲ್ಲಿರುತ್ತದೆ. ಬಾಡಿಗೆ ಮನೆಯಲ್ಲಿ ನೆಟ್ಟ ಕರಿಬೇವು ಕೈಗೆ ಬರುವ ಹೊತ್ತಿಗೆ ಮನೆಯವರು ಬಿಡಿ ಎನ್ನುತ್ತಾರೆ. ನಾನೇ ಮೂರು ಬಾಡಿಗೆ ಮನೆಗಳಲ್ಲಿ ಮೂರು ಕರಿಬೇವು ಬಿಟ್ಟು ಬಂದಿದ್ದೇನೆ. ಯಾರೋ ಒಗ್ಗರಣೆಗೆ ಮುರಿದುಕೊಳ್ಳುತ್ತಿರಬಹುದು. ಹುಟ್ಟಲಿರುವ ಕಣ್ಣುಗಳಿಗಾಗಿ ನೆಡುವುದು ದೊಡ್ಡ ತ್ಯಾಗವೆಂಬಂತೆ ಕವಿ ಹಾಡಿದ. ನಮ್ಮವರಿಗೆ ಅದು ದಿನದ ಬದುಕು.

ಅಮ್ಮ ತೀರಿಕೊಂಡು ವರ್ಷದ ತಿಥಿ ಮುಗಿದ ಮೇಲೆ ಅಣ್ಣತಮ್ಮಂದಿರ ಪಾಲಿನ ಮಾತು ಎದ್ದಿತು. ಗದ್ದೆ ತೋಟದ ವಿಚಾರ ಇಲ್ಲಿ ಬೇಡ. ಮನೆ ಹಿತ್ತಲನ್ನು ಅಳೆದಾಗ ಗೆರೆ ಸರಿಯಾಗಿ ಆ ಹಲಸಿನ ಬುಡದ ಮೇಲೆ ಹಾದುಹೋಯಿತು. ಮರ ಯಾರಿಗೆ ಎಂದರೆ ಇಬ್ಬರಿಗೂ ಬೇಡ, ಗೋಡೆ ಹಾಕಲು ಅಡ್ಡ. ಕಟ್ಟಿಗೆಯ ವ್ಯಾಪಾರಿ ಬಂದು ಬುಡಕ್ಕೆ ಹಗ್ಗ ಸುತ್ತಿ ಅಳೆದ. ಹಲಸಿನ ಹಳದಿ ಕಟ್ಟಿಗೆಗೆ ಬೆಲೆ ಜಾಸ್ತಿ. ಬಾಗಿಲಿಗಾಗುತ್ತದೆ, ವೀಣೆಗೂ ಆಗುತ್ತದೆ. ಅವನು ಹೇಳಿದ ಬೆಲೆ ತಮ್ಮನ ಮಗಳ ಒಂದು ವರ್ಷದ ಕಾಲೇಜು ಫೀಜಿನ ಅರ್ಧಕ್ಕೆ ಸಾಲುವಷ್ಟಿತ್ತು. ಪದ್ಯ ಹಿಡಿದುಕೊಂಡು ಬಂದಿದ್ದ ಹುಡುಗಿ ಆ ಹೊತ್ತಿಗೆ ಇಂಜಿನಿಯರಿಂಗ್ ಸೇರಿದ್ದಳು.

ಪತ್ರಕ್ಕೆ ನನ್ನ ರುಜುವೂ ಬೇಕಿತ್ತು. 2005ರ ತಿದ್ದುಪಡಿಯಿಂದ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಆ ಹಕ್ಕು ಹುಟ್ಟಿನಿಂದಲೇ ಬಂದದ್ದೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿದೆ. ಆದರೆ ನಮ್ಮ ಕಡೆ ಈಗಲೂ ಅಕ್ಕತಂಗಿಯರನ್ನು ಕರೆದು, ಊಟ ಹಾಕಿ, ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಕೊಟ್ಟು, ಬಿಡುಗಡೆ ಪತ್ರಕ್ಕೆ ರುಜು ಹಾಕಿಸಿಕೊಳ್ಳುವುದೇ ರೂಢಿ. ಸೀರೆ ಬಂದಿತ್ತು. ಒಳ್ಳೆಯ ಸೀರೆಯೇ.

"ಹಿತ್ತಲಲ್ಲಿ ಆ ಮರ ಇರುವಷ್ಟು ಜಾಗ ನನ್ನ ಪಾಲಿಗೆ ಬರೀರಿ" ಎಂದೆ.

ಅಣ್ಣ ಎಲೆಯಡಿಕೆಯ ತಟ್ಟೆಯನ್ನೇ ನೋಡುತ್ತ ಕುಳಿತ. ತಮ್ಮನೇ ಮಾತಾಡಿದ್ದು. "ಅಕ್ಕಾ, ನೀನು ಟೀಚರು, ಪದ್ಯ ಓದಿಸ್ತೀಯ. ಫೀಜು ಕಟ್ಟೋನು ನಾನು." ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವನದು ಹಳ್ಳಿಯಲ್ಲಿ ಸಣ್ಣ ಅಂಗಡಿ. ಆ ವರ್ಷ ಅಡಿಕೆಗೆ ಕೊಳೆ ಬಂದು ಕೈ ಬರಿದಾಗಿತ್ತು. ಹೆನ್ರಿ ಆಬಿಯ ಪಟ್ಟಿ ಅವನ ಬಾಯಲ್ಲಿ ಬಂದಿತ್ತು, ಅಷ್ಟೇ. ಹಸಿವಿದ್ದವನಿಗೆ ಬಾವುಟ, ಜೋಗುಳ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮತ್ಸ್ಯಪುರಾಣದಲ್ಲಿ ಒಂದು ಮರ ಹತ್ತು ಗಂಡುಮಕ್ಕಳಿಗೆ ಸಮ ಎಂದು ಎಣಿಸಿದೆಯಂತಲ್ಲ, ಆ ಲೆಕ್ಕದಲ್ಲಿ ನಮ್ಮಮ್ಮನಿಗೆ ಹನ್ನೆರಡು ಗಂಡುಮಕ್ಕಳು ಎಂದು ತಮಾಷೆ ಮಾಡಿದೆ. ಯಾರೂ ನಗಲಿಲ್ಲ.

ಆಗ ಒಳಗಿನಿಂದ ಅತ್ತಿಗೆ ಬಂದರು. ನಾಲ್ಕು ಜನರ ಮುಂದೆ ಅವರು ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತು ಹೇಳಿದರು: "ಮರ ನೆಟ್ಟದ್ದು ಅತ್ತೆ. ಇಪ್ಪತ್ತೆಂಟು ವರ್ಷದಿಂದ ಅದರ ಮೇಣ ಕೈಗೆ ಹಚ್ಚಿಕೊಂಡು ಹಪ್ಪಳ ಮಾಡಿ ನಿಮ್ಮೆಲ್ಲರ ಮನೆಗೂ ಕಳಿಸಿದ್ದು ನಾನು. ವ್ಯಾಪಾರಿಯನ್ನ ಕೇಳಿದ್ರಿ, ನನ್ನನ್ನ ಯಾರಾದರೂ ಕೇಳಿದ್ರಾ?" ನನ್ನನ್ನೂ ಸೇರಿಸಿಯೇ ಅವರು ಕೇಳಿದ್ದು. ಕಾನೂನಿನಲ್ಲಿ ನನಗಾದರೂ ಒಂದು ರುಜುವಿನ ಬೆಲೆಯಿತ್ತು. ಮರದ ಜೊತೆ ಬದುಕಿದ ಅವರಿಗೆ ಅದೂ ಇರಲಿಲ್ಲ.

ಆ ದಿನ ಪತ್ರ ಆಗಲಿಲ್ಲ. ಎರಡು ತಿಂಗಳು ತಮ್ಮ ಫೋನು ಮಾಡಲಿಲ್ಲ. ಮೂರನೆಯ ತಿಂಗಳು ನಾನೇ ಹೋಗಿ, ವ್ಯಾಪಾರಿ ಹೇಳಿದ್ದ ಹಣವನ್ನು ನನ್ನ ಆರ್.ಡಿ.ಯಿಂದ ತೆಗೆದು ಹುಡುಗಿಯ ಫೀಜಿಗೆಂದು ಕೊಟ್ಟೆ. ತಮ್ಮ ಮೊದಲು ಬೇಡವೆಂದ, ಆಮೇಲೆ ತೆಗೆದುಕೊಂಡ. ಅವನ ಕಣ್ಣು ತುಂಬಿತ್ತು, ನನ್ನದೂ. ಪತ್ರ ಬರೆಯುವವನು, "ಒಂದು ಮರಕ್ಕೋಸ್ಕರ ಹೀಗೆ ಬರೆಯೋ ಪದ್ಧತಿ ಇಲ್ಲ ಮೇಡಂ" ಎಂದು ತಲೆ ಕೆರೆದುಕೊಂಡ. ಅಣ್ಣ ನಕ್ಕು, "ಬರೀರಿ, ಪದ್ಧತಿ ಮಾಡೋಣ" ಎಂದ. ಉದ್ದ ಇಷ್ಟು ಅಡಿ, ಅಗಲ ಇಷ್ಟು ಅಡಿ, ಅದರಲ್ಲಿ ನಿಂತಿರುವ ಹಲಸಿನ ಮರ ಒಂದು ಎಂದು ಬರೆಯಿಸಿದೆವು. ಫಲ ಪೂರ್ತಿ ಅತ್ತಿಗೆಯದು ಎಂದೂ ಸೇರಿಸಿದೆವು. ಗೋಡೆ ಆ ಜಾಗದಲ್ಲಿ ಸೊಂಟ ಬಾಗಿಸಿಕೊಂಡು ಹೋಗಿದೆ.

ಅಪ್ಪ ನೆಟ್ಟ ಆಲದ ಮರವೆಂದು ಅದಕ್ಕೇ ನೇಣು ಹಾಕಿಕೊಳ್ಳಬಾರದು ಎಂದು ನಮ್ಮ ಗಾದೆಯೊಂದು ಎಚ್ಚರಿಸುತ್ತದೆ. ಅಮ್ಮ ನೆಟ್ಟ ಹಲಸಿಗೆ ನಾನು ಜೋತುಬಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡದ್ದುಂಟು. ಆ ಮರದಿಂದ ನನಗೀಗ ಬರುವುದು ವರ್ಷಕ್ಕೆ ಒಂದು ಕಟ್ಟು ಹಪ್ಪಳ, ಅದು ಮೊದಲೂ ಬರುತ್ತಿತ್ತು. ಹೊಸದಾಗಿ ಸಿಕ್ಕಿದ್ದು ಇಷ್ಟೇ: ನನ್ನ ರುಜು ಇಲ್ಲದೆ ಅದನ್ನು ಕಡಿಯುವಂತಿಲ್ಲ. ಬನ್ನರ್ ಹೇಳಿದ ಊರಿನ ಹಿತ, ನಾಡಿನ ಬೆಳವಣಿಗೆ ಎಂಬ ದೊಡ್ಡ ಮಾತುಗಳಿಗೆ ಹೋಲಿಸಿದರೆ ಇದು ತೀರ ಸಣ್ಣದು. ಆದರೆ ಆ ದೊಡ್ಡ ಮಾತುಗಳನ್ನು ಅವನು ಒಂದು ಅಂಗೈಯಲ್ಲಿಯೇ ಇಟ್ಟದ್ದಲ್ಲವೇ? ಅದಕ್ಕೇ ಆ ಪದ್ಯ ನನಗೆ ಹಳತಾಗುವುದಿಲ್ಲ. ನಿಮ್ಮ ಹಿತ್ತಲಲ್ಲೂ ನಿಮ್ಮತ್ತೆಯೋ ಅಮ್ಮನೋ ನೆಟ್ಟ ಒಂದು ಮರವಿದ್ದರೆ ಅದು ಯಾರ ಖಾತೆಯಲ್ಲಿದೆ, ನೀರು ಹಾಕಿದವರು ಯಾರು ಎಂದು ಒಮ್ಮೆ ಕೇಳಿ ನೋಡಿ.

ಹಲಸಿನ ಬೇಳೆ ಒಣಗಿದರೆ ಮೊಳೆಯುವುದಿಲ್ಲ, ಹಸಿಯಿರುವಾಗಲೇ ಊರಬೇಕು. ಕಳೆದ ಜೂನಿನಲ್ಲಿ ಶಾಲೆ ಆರಂಭವಾದ ವಾರ ಅತ್ತಿಗೆ ಕಳಿಸಿದ ಹಣ್ಣಿನ ಬೇಳೆಗಳನ್ನು ಎಂಟನೆಯ ತರಗತಿಯ ಹುಡುಗಿಯರ ಅಂಗೈಗೆ ಒಂದೊಂದಾಗಿ ಹಾಕಿದೆ. ಪದ್ಯ ಹೇಳಲಿಲ್ಲ. ಬೇಸಿಗೆಯಲ್ಲಿ ನೀರು ಹಾಕುವುದು ಹೇಗೆ ಎಂದು ಮಾತ್ರ ಹೇಳಿದೆ. ಒಬ್ಬಳು ಬೇಳೆಯನ್ನು ತಿರುಗಿಸಿ ನೋಡಿ, "ಟೀಚರ್, ಇದು ಬಕ್ಕೆನಾ ಅಂಬಲಿನಾ?" ಎಂದು ಕೇಳಿದಳು.

"ಅದು ಕಾಯಿ ಬಿಟ್ಟಮೇಲೆ ನೀನೇ ನನಗೆ ಹೇಳಬೇಕು" ಎಂದೆ.

"ಅಷ್ಟೊತ್ತಿಗೆ ನೀವು ರಿಟೈರ್ ಆಗಿರ್ತೀರಲ್ಲ?"

"ಆಗ್ಲಿ ಬಿಡು. ಫೋನ್ ಮಾಡಿ ಹೇಳು" ಎಂದೆ.